ವಾರಕ್ಕೆ ಹನ್ನೆರಡು ಸಲ ಹಳಿಯಾಳ

ಅಥವಾ ಅವರು ಸ್ವೆಟರ್ ಹಾಕಿಕೊಂಡಿರಲೇ ಇಲ್ಲವೇನೋ. ಬೇಸಿಗೆಯ ದಾಂಡೇಲಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸಾಹೇಬರೊಬ್ಬರು ಉಣ್ಣೆಯ ಸ್ವೆಟರ್ ತೊಟ್ಟು ಕೂತಿದ್ದರು ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ, ಕೇಳಿದವರು ನಕ್ಕಿದ್ದಾರೆ. ಮೊನ್ನೆ ಫೋನಿನಲ್ಲಿ ಅದನ್ನೇ ನನ್ನ ಗಣಿತದ ಗೆಳತಿಗೆ ಹೇಳಿದರೆ ಅವಳು, "ಸ್ವೆಟರ್ ಎಲ್ಲಿತ್ತ? ಅರ್ಧ ತೋಳಿನ ಅಂಗಿ ಹಾಕ್ಕೊಂಡಿದ್ರು" ಎಂದುಬಿಟ್ಟಳು. ಕಂಪ್ಯೂಟರ್ ಇಟ್ಟ ಕೋಣೆ ತಣ್ಣಗಿತ್ತು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಉಳಿದ ಉಣ್ಣೆಯನ್ನು ನಾನೇ ಹೆಣೆದಿರಬಹುದು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿಬ್ಬರೂ ಹಳಿಯಾಳದಲ್ಲಿ ಪಾಠ ಹೇಳುತ್ತಿದ್ದೆವು, ಒಂದೇ ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದೆವು. ಅವಳದು ಗಣಿತ, ನನ್ನದು ಸಮಾಜಶಾಸ್ತ್ರ. ಹಳ್ಳಿಗಳ ಜನ ಪೇಟೆಗೆ ಎಷ್ಟು ಸಲ, ಯಾತಕ್ಕೆ ಹೋಗುತ್ತಾರೆ ಎಂದು ನಾನು ಪ್ರಬಂಧ ಬರೆಯಲು ಹೊರಟಿದ್ದೆ. ನನ್ನ ಮಾರ್ಗದರ್ಶಕರು ಒಂದೇ ಮಾತು ಹೇಳಿದ್ದರು: ಕೋಷ್ಟಕಗಳನ್ನು ಕೈಯಿಂದ ಹಾಕಿ ತಂದರೆ ನೋಡುವುದಿಲ್ಲ, ಈಗ ಕಂಪ್ಯೂಟರಿಗೆ ಸಂಖ್ಯಾಶಾಸ್ತ್ರದ ಪ್ಯಾಕೇಜ್ ಬಂದಿದೆ, ಅದನ್ನು ಕಲಿಯಿರಿ.

ಆದರೆ ಆ ಪ್ಯಾಕೇಜಿಗಾಗಿ ನನಗಿಂತ ಹೆಚ್ಚು ಕಾದವಳು ಒಬ್ಬ ಅಜ್ಜಿ, ಎಲ್ಲರ ಬಾಯಲ್ಲಿ ಆಯಿ. ಅವಳ ಪಾಲಿಗೆ ಅದರ ಹೆಸರು ಬಸ್ಸು.

ಆಯಿ ಹಳಿಯಾಳ ತಾಲೂಕಿನ ಸಿದ್ದಿ ಜನರ ಒಂದು ಹಟ್ಟಿಯವಳು. ಅಲ್ಲಿಂದ ಡಾಂಬರ್ ರಸ್ತೆಗೆ ಬರಲು ಕಾಡಿನ ದಾರಿಯಲ್ಲಿ ಬಹಳ ನಡೆಯಬೇಕು. ತಲೆಯ ಮೇಲೆ ಶೀಗೆಕಾಯಿಯ ಗಂಟು, ಕಂಕುಳಲ್ಲಿ ಕಾಲು ಕಟ್ಟಿದ ಕೋಳಿ. ಮಂಡಿ ಸೋತಿತ್ತು, ಬಾಯಿ ಸೋತಿರಲಿಲ್ಲ. ಹಟ್ಟಿಯವರು ಬಸ್ಸು ಕೇಳಲು ಹೋದಾಗ ಡಿಪೋದ ಅಧಿಕಾರಿ, ನಿಮ್ಮ ಕಡೆಯಿಂದ ಎಷ್ಟು ಜನ ಓಡಾಡುತ್ತಾರೆ ಎಂಬ ಲೆಕ್ಕ ತೋರಿಸಿ, ಆಮೇಲೆ ನೋಡೋಣ ಎಂದಿದ್ದರಂತೆ. ಅಷ್ಟರಲ್ಲಿ ಲೆಕ್ಕ ಕೇಳಿಕೊಂಡು ನಾನು ಹಟ್ಟಿಗೆ ಹೋದೆ. ದೇವರೇ ಕಳಿಸಿದ ಹಾಗೆ ಎಂದು ಯಾರೂ ಅನ್ನಲಿಲ್ಲ. ಆಯಿ ಅಂದದ್ದು, "ಇಷ್ಟ ದಿನಾ ಎಲ್ಲಿ ಸತ್ತಿದ್ರಿ ಅಕ್ಕೋರ?"

ನನ್ನ ಪ್ರಶ್ನೆ ಸರಳವಾಗಿತ್ತು.

"ಆಯಿ, ವಾರದಾಗ ಎಷ್ಟ ಸಲ ಹಳಿಯಾಳಕ್ಕ ಹೋಗ್ತೀರಿ?"

"ಒಂದೆರಡ ಸಲ."

"ಒಂದೋ, ಎರಡೋ?"

"ಒಂದೆರಡ."

"ಯಾವುದರೇ ಒಂದ ಹೇಳ್ರಿ, ಬರಕೋಬೇಕು."

"ಒಂದ ಅಂತೇನಿ, ನಾಳೆ ಮತ್ತ ಹೋಗೂದ ಬಂದ್ರ? ನೀವ್ ಬರಕೊಂಡಿದ್ದ ಸುಳ್ಳಾತು. ಎರಡ ಅಂತೇನಿ, ಮಳಿ ಹಿಡಕೊಂಡ ಕುಂತ್ರ? ಆವಾಗೂ ಸುಳ್ಳು. ಒಂದೆರಡ ಅಂತ ಬರೀರಿ, ಯಾವತ್ತೂ ಖರೇ ಇರತೈತಿ."

 1-2 ಎಂದು ಬರೆದುಕೊಂಡೆ. ಇಡೀ ಹಟ್ಟಿ ಹಾಗೆಯೇ ಉತ್ತರ ಕೊಟ್ಟಿತು. ಒಂದೆರಡು, ಎರಡ್ಮೂರು, ಮೂರ್ನಾಕು. ಸೈಕಲ್ ಇದ್ದ ಒಬ್ಬಾತ ಬಹಳ ಯೋಚಿಸಿ "ಆರೇಳು" ಎಂದ. ಸುತ್ತಲಿನ ಹಳ್ಳಿಗಳಲ್ಲೂ ಅದೇ ರಾಗ. ಮರಾಠಿ ಮಾತಾಡುವ ಮನೆಗಳಲ್ಲೂ 'ದೋನ್ ತೀನ್' ಎಂದೇ ಉತ್ತರ. ಖಚಿತವಾಗಿ ಒಂದೇ ಅಂಕಿ ಹೇಳಿದವರು ಕಡಿಮೆ. ಹಾಗೆ ಹೇಳಿದವರನ್ನು ಪಕ್ಕದವರು, ಇವನೇನೋ ಮುಚ್ಚಿಡುತ್ತಿದ್ದಾನೆ ಎಂಬಂತೆ ನೋಡುತ್ತಿದ್ದರು.

ಇನ್ನು ದಾಂಡೇಲಿ. ಅಲ್ಲಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಇತ್ತು, ಗೆಳತಿಯ ಸಂಬಂಧಿಕರೊಬ್ಬರ ಮಾತಿನ ಮೇಲೆ ರಜೆಯ ದಿನಗಳಲ್ಲಿ ನಮ್ಮನ್ನು ಒಳಗೆ ಬಿಡುತ್ತಿದ್ದರು. ಚಪ್ಪಲಿ ಹೊರಗೆ. ಒಳಗೆ ಹೋದ ಮೇಲೆ ದನಿಯೂ ತಾನಾಗಿ ತಗ್ಗುತ್ತಿತ್ತು. ಯಂತ್ರದ ನೆತ್ತಿಯ ಮೇಲೆ ಯಾರೋ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ. ಅದರ ಪಕ್ಕದಲ್ಲಿ ಸ್ವೆಟರಿನ, ಅಥವಾ ಅರ್ಧ ತೋಳಿನ, ಸಾಹೇಬರು. ಕಂಪ್ಯೂಟರಿನ ಜವಾಬ್ದಾರಿ ಅವರದು. ಅವರು ನಮಗೆ ಪ್ಯಾಕೇಜಿನ ಕೈಪಿಡಿ ಕೊಟ್ಟರು. ಇಟ್ಟಿಗೆಯಷ್ಟು ದಪ್ಪ, ಮೊದಲ ಪುಟವೇ ಹರಿದಿತ್ತು. ಹಾಗಾಗಿ ಶುರು ಮಾಡುವುದು ಹೇಗೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿ ಇತ್ತು.

ಆಗ ಎಲ್ಲವೂ ರಟ್ಟಿನ ಕಾರ್ಡಿನ ಮೇಲೆ. ಒಂದು ಮನೆಗೆ ಒಂದು ಕಾರ್ಡು. ಟೈಪ್ ಯಂತ್ರದಂಥ ಒಂದು ಯಂತ್ರದಲ್ಲಿ ಕೂತು ಅಂಕಿ ಒತ್ತಿದರೆ ಕಾರ್ಡಿನಲ್ಲಿ ತೂತು ಬೀಳುತ್ತದೆ. ಕಾರ್ಡಿನ ಮೇಲೆ ಸಾಲಾಗಿ ಕಂಬಗಳು, ಒಂದು ಕಂಬಕ್ಕೆ ಒಂದೇ ಅಂಕಿ; ಯಾವ ಪ್ರಶ್ನೆಯ ಉತ್ತರ ಯಾವ ಕಂಬದಲ್ಲಿ ಎಂದು ಮೊದಲೇ ತೀರ್ಮಾನ ಆಗಿರಬೇಕು. ಹಳಿಯಾಳಕ್ಕೆ ಎಷ್ಟು ಸಲ ಎಂಬ ಪ್ರಶ್ನೆಗೆ ಗೆಳತಿ ಎರಡು ಕಂಬ ಬಿಟ್ಟಳು.

"ಎರಡ್ಯಾಕ? ಹತ್ತು ಸಲ ಹೋಗವ್ರು ಯಾರ ಅದಾರ?"

"ಇರ್ಲಿ ಬಿಡ. ಜಾಗಾ ಫುಕಟ ಐತಿ."

ಕಾರ್ಡುಗಳ ಪೆಟ್ಟಿಗೆ ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಚೆಲ್ಲಾಪಿಲ್ಲಿಯಾಯಿತು, ನಾನು ಮೊಣಕಾಲೂರಿ ಆರಿಸಿದೆ ಎಂದು ಕೂಡ ನಾನು ಹೇಳುವುದುಂಟು. ಆದರೆ ಆ ಕಾಲದಲ್ಲಿ ಕಾರ್ಡು ಹೊತ್ತವರೆಲ್ಲ ಈ ಕಥೆಯನ್ನು ಹೇಳುತ್ತಾರೆ. ಎಲ್ಲರ ಪೆಟ್ಟಿಗೆಯೂ ಬಿದ್ದಿರಲಾರದು. ನನ್ನದು ಬಿದ್ದಿತ್ತು ಎಂಬುದಕ್ಕೆ ನನ್ನ ಮಾತಲ್ಲದೆ ಬೇರೆ ಆಧಾರವಿಲ್ಲ, ಆದ್ದರಿಂದ ಈ ಸಲ ಬೀಳಿಸುವುದಿಲ್ಲ.

ಮೊದಲ ಸಲ ಯಂತ್ರ ನಮ್ಮನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಯಂತ್ರಕ್ಕೆ ಕೆಲಸ ಹೇಳುವ, ಮೊದಲ ಕಂಬದಿಂದಲೇ ಶುರುವಾಗಬೇಕಾದ ಆಜ್ಞೆಯ ಕಾರ್ಡನ್ನು ನಾನು ಶಾಲೆಯಲ್ಲಿ ಕಲಿಸಿದಂತೆ ಸ್ವಲ್ಪ ಜಾಗ ಬಿಟ್ಟು ಶುರು ಮಾಡಿದ್ದೆ. ಅಗಲವಾದ ಒಂದು ಹಾಳೆ ಹೊರಬಂತು, ಅದರಲ್ಲಿ ಒಂದೇ ಸಾಲು ಬೈಗುಳ. ಎರಡನೆಯ ಸಲ ಉದ್ದನೆಯ ಬೈಗುಳ ಬಂತು. ಕಾರಣ, 1-2ರ ನಡುವಿನ ಗೀಟು. ಅದು ಒಂದು ಕಂಬ ತಿಂದು, ಮುಂದಿನ ಉತ್ತರಗಳನ್ನೆಲ್ಲ ಪಕ್ಕಕ್ಕೆ ತಳ್ಳಿತ್ತು. ಒಬ್ಬ ತಡವಾಗಿ ಎದ್ದರೆ ಸಾಲಿನಲ್ಲಿದ್ದವರಿಗೆಲ್ಲ ಬಸ್ಸು ತಪ್ಪಿದ ಹಾಗೆ.

"ಅಂಕಿ ಅಲ್ದಿದ್ದ ಏನೂ ಒತ್ತಬ್ಯಾಡ" ಎಂದಳು ಗೆಳತಿ. "ಗೀಟು, ಚುಕ್ಕಿ, ಚಹಾದ ಕಲಿ, ಎಲ್ಲಾ ಬಿಡು."

ಬಿಟ್ಟೆ. ಕಾರ್ಡುಗಳನ್ನೆಲ್ಲ ಮತ್ತೆ ಒತ್ತಿದೆ. ಈ ಸಲ ಯಂತ್ರ ಒಂದು ಮಾತೂ ಆಡಲಿಲ್ಲ. ಗರಗರ ಸದ್ದು ಮಾಡಿ ಹಾಳೆಯ ಮೇಲೆ ಹಾಳೆ ಉಗುಳಿತು, ಅಂಚಿನುದ್ದಕ್ಕೂ ತೂತುಗಳಿದ್ದ ಹಸಿರು ಗೆರೆಯ ಕಾಗದ. ಸರಾಸರಿ, ಅತಿ ಕಡಿಮೆ, ಅತಿ ಹೆಚ್ಚು, ಎಲ್ಲವೂ ಕಂಬ ಕಂಬವಾಗಿ ನಿಂತಿದ್ದವು. ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು; ಇದನ್ನು ಅವಳೂ ಒಪ್ಪುತ್ತಾಳೆ. ಸಾಹೇಬರು ಹಾಳೆ ಎತ್ತಿ ಓದಿದರು. ಮತ್ತೊಮ್ಮೆ ಓದಿದರು.

"ಈ ಊರಾಗ ಮನ್ಯಾಗ ಯಾರರೇ ಇರತಾರೇನ್ರಿ ಮೇಡಮ್?"

"ಯಾಕ್ರೀ?"

"ವಾರಕ್ಕ ಹನ್ನೆರಡ ಸಲ ಹಳಿಯಾಳಕ್ಕ ಹೋಗಿ ಬರವ್ರ ಅದಾರ, ಇಪ್ಪತ್ಮೂರ ಸಲ ಹೋಗವ್ರೂ ಅದಾರ. ಒಬ್ಬ ಪುಣ್ಯಾತ್ಮ ಅರವತ್ತೇಳ ಸಲ! ಅಂವಾ ಊಟಾ ಎಲ್ಲಿ ಮಾಡತಾನ?"

ಗೀಟು ತೆಗೆದ ಮೇಲೆ ಒಂದು-ಎರಡು ಹನ್ನೆರಡಾಗಿತ್ತು. ಆರೇಳು ಎಂದಿದ್ದ ಸೈಕಲಿನವ ಅರವತ್ತೇಳು ಸಲ ಪೆಡಲ್ ತುಳಿಯುತ್ತಿದ್ದ. ಪುಕ್ಕಟೆ ಸಿಕ್ಕ ಎರಡನೆಯ ಕಂಬ ಇಡೀ ತಾಲೂಕನ್ನು ಹುಚ್ಚು ಹಿಡಿಸಿ ಓಡಿಸುತ್ತಿತ್ತು. ಒಂದು ಗೀಟಿಗೆ ಅಷ್ಟೊಂದು ಸಿಟ್ಟಾದ ಯಂತ್ರ ಇದನ್ನು ತಣ್ಣಗೆ ನುಂಗಿ, ಸರಾಸರಿ ತೆಗೆದು, ದಶಾಂಶದ ಮುಂದೆ ಹಲವು ಸ್ಥಾನದವರೆಗೆ ಕರಾರುವಾಕ್ಕಾಗಿ ಕೊಟ್ಟಿತ್ತು.

ಸರಿಪಡಿಸುವುದು ಹೇಗೆ? ಗೆಳತಿಯ ಪ್ರಕಾರ ನಡುವಿನ ಅಂಕಿ ತೆಗೆದುಕೊಳ್ಳಬೇಕು, ಒಂದೆರಡಕ್ಕೆ ಒಂದೂವರೆ. ನಾನು ಹಟ್ಟಿಗೆ ಹೋಗಿ ಆಯಿಯನ್ನೇ ಕೇಳಿದೆ.

"ಒಂದೂವರಿ ಸಲ ಅಂತ ಬರಕೊಂಡ್ರ ನಡದೀತೇನ ಆಯಿ?"

ಆಯಿ ಕೋಳಿಗೆ ನುಚ್ಚು ಹಾಕುತ್ತಿದ್ದವಳು ತಲೆ ಎತ್ತಿದಳು. "ಅರ್ಧಾ ಸಲ ಅಂದ್ರ? ಅರ್ಧಾ ದಾರಿಗೆ ಹೋಗಿ ತಿರುಗಿ ಬರೂದೇನು?"

"ಹಂಗಲ್ಲ, ಅದು ಲೆಕ್ಕಕ್ಕ..."

"ಹಂಗೂ ಬಂದೇನಿ ತಗೋರಿ. ದಾರಿಯೊಳಗ ಕೋಳಿ ಕಟ್ಟು ಬಿಚ್ಚಕೊಂಡ ಓಡಿ ಹೋತು. ಮಾರಾಕ ಏನೂ ಉಳೀಲಿಲ್ಲ, ತಿರುಗಿ ಬಂದ್ನಿ. ಅದ ಇದ ಕೋಳಿ, ನೋಡ್ರಿ. ನನಗಿಂತ ಮೊದಲ ಮನೀಗೆ ಬಂದ ಕುಂತಿತ್ತು." ಆಮೇಲೆ, ಮಂಡಿ ನೀವಿಕೊಳ್ಳುತ್ತ, "ಬರೀರಿ, ಒಂದೂವರಿ ಬರೀರಿ. ಬಸ್ ಯಾವಾಗ ಬರತೈತಿ ಅಷ್ಟ ಹೇಳ್ರಿ."

ಮತ್ತೆ ಕಾರ್ಡು ಒತ್ತಿ, ಮತ್ತೆ ದಾಂಡೇಲಿಗೆ ಹೋಗಿ, ಸರಿಯಾದ ಹಾಳೆಗಳನ್ನು ತಂದೆವು. ಸರಿಯಾದ ಸರಾಸರಿ ಬಡಕಲಾಗಿತ್ತು. ಡಿಪೋಕ್ಕೆ ಹೋಗುವ ಮೊದಲು ಹಳಿಯಾಳದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಈ ಹೊಸ ಹಾಳೆಯನ್ನೂ ಅರವತ್ತೇಳು ಸಲದ ಹಳೆಯ ಹಾಳೆಯನ್ನೂ ಬಿಡಿಸಿಕೊಂಡು ಕೂತೆವು. ಒಂದೇ ಅಗಲ, ಒಂದೇ ಹಸಿರು ಗೆರೆ, ಒಂದೇ ಶೀರ್ಷಿಕೆ.

"ಇದನ್ನ ಕೊಟ್ರ ಬಸ್ ಬರಂಗಿಲ್ಲ" ಎಂದಳು ಗೆಳತಿ, ಹೊಸದನ್ನು ತೋರಿಸಿ. ಆಮೇಲೆ ಹಳೆಯದನ್ನು ತೋರಿಸಿ, "ಇದನ್ನ ಕೊಟ್ರ ರೈಲ ಬರತೈತಿ."

"ಖರೇದ್ದ ಕೊಡು."

"ಮತ್ತ ಆಯಿ ಮಂಡಿ?"

ನಾನು ಏನು ಹೇಳಿದೆ? ಗಟ್ಟಿಯಾಗಿ "ಖರೇದ್ದ ಕೊಡು" ಎಂದು ಇನ್ನೊಮ್ಮೆ ಹೇಳಿದೆ ಎಂದು ನನ್ನ ನೆನಪು. ನಾನು ಚಹಾ ಕುಡಿಯುತ್ತಿದ್ದೆ, ಏನೂ ಹೇಳಲಿಲ್ಲ ಎಂದು ಅವಳ ನೆನಪು. ಎರಡು ಹಾಳೆಗಳನ್ನೂ ಒಂದೇ ಕೈಚೀಲಕ್ಕೆ ತುರುಕಿಕೊಂಡು ಅವಳು ಡಿಪೋದೊಳಗೆ ಹೋದಳು. ಹೊರಗೆ ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. "ಕೊಟ್ನಿ" ಎಂದಳು. ಅಧಿಕಾರಿ ಏನಂದರು ಎಂದು ಕೇಳಿದೆ. "ಕಂಪ್ಯೂಟರ್ ಕಾಗದ ನೋಡಿ ಎದ್ದ ನಿಂತ್ರು. ಓದಿದ್ರೋ ಇಲ್ಲೋ ಗೊತ್ತಾಗಲಿಲ್ಲ." ಚೀಲದಲ್ಲಿ ಉಳಿದ ಹಾಳೆಯನ್ನು ಅವಳು ಮನೆಗೆ ಬಂದವಳೇ ಕಪಾಟಿನ ತಳಕ್ಕೆ ಹಾಸಿದಳು, ಅದರ ಮೇಲೆ ಪಾತ್ರೆ ಜೋಡಿಸಿದಳು. ಎತ್ತಿ ನೋಡಬಹುದಿತ್ತು. ನಾನು ನೋಡಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ಹಟ್ಟಿಯ ಹತ್ತಿರದವರೆಗೆ ಬಸ್ಸು ಬಂತು. ಆಯಿ ಮೊದಲ ದಿನ ಕೋಳಿ ಹಿಡಿದು ಹತ್ತಿದಾಗ ಕಂಡಕ್ಟರ್ ಕೋಳಿಗೂ ಟಿಕೆಟ್ ತೆಗೆಸಬೇಕು ಎಂದನಂತೆ. "ಅದು ಅರ್ಧಾ ದಾರಿಯೊಳಗ ಇಳಿಯೂದೈತಿ, ಅರ್ಧಾ ತಗೋ" ಎಂದಳಂತೆ ಆಯಿ. ಇದನ್ನು ನನಗೆ ಹೇಳಿದವಳು ಆಯಿಯೇ, ಆದ್ದರಿಂದ ಎಷ್ಟು ನಿಜವೋ.

ಮೊನ್ನೆ ಫೋನಿನಲ್ಲಿ ಕೊನೆಗೂ ಕೇಳಿದೆ: ಅವತ್ತು ಯಾವ ಹಾಳೆ ಕೊಟ್ಟೆ?

"ಖರೇದ್ದ" ಎಂದಳು.

"ಖರೇದ್ದ ಅಂದ್ರ ಹೊಸಾದೇನ?"

"ಮ್ಯಾಲಿದ್ದ ಹಾಳಿ ಕೊಟ್ಟೇನಿ. ಮ್ಯಾಲ ಹೊಸಾದ ಇತ್ತು ಅಂತ ಅನಸ್ತೈತಿ. ಈಗ ಯಾಕ?"

ಅವಳು ಸ್ವೆಟರನ್ನೂ ಇಷ್ಟೇ ಖಚಿತವಾಗಿ ಅಲ್ಲಗಳೆದಿದ್ದಳು. ಯಾವ ಹಾಳೆ ನೋಡಿ ಬಸ್ಸು ಬಂತೋ ನನಗೆ ಗೊತ್ತಿಲ್ಲ. ಹಾಳೆ ನೋಡಿಯೇ ಬಂತೋ, ಹೇಗೂ ಬರುವುದಿತ್ತೋ, ಅದೂ ಗೊತ್ತಿಲ್ಲ. ಆಯಿ ವಾರಕ್ಕೆ ಎಷ್ಟು ಸಲ ಹಳಿಯಾಳಕ್ಕೆ ಹೋಗುತ್ತಿದ್ದಳು ಎಂದು ತಿಳಿಯುವುದಕ್ಕೇ ಇದನ್ನೆಲ್ಲ ಶುರು ಮಾಡಿದ್ದು. ಅದು ಗೊತ್ತಾಗಲೇ ಇಲ್ಲ.