ಪ್ಲೇಗಿನ ವರ್ಷದ ಕ್ರಿಸ್ಮಸ್ ಕತೆ

ಡಿಸೆಂಬರಿನ ಮೊದಲ ವಾರ ಮಗಳನ್ನು ಶಾಲೆಯಿಂದ ಕರೆತರಲು ಹೋದಾಗ ಅವಳ ಟೀಚರು ಗೇಟಿನ ಬಳಿ ನನ್ನನ್ನು ನಿಲ್ಲಿಸಿದರು. ಗೋವೆಯ ಕಡೆಯ ಹೆಂಗಸು. ಎಲ್ಲ ತಾಯಂದಿರನ್ನೂ ಮಮ್ಮಿ ಎಂದೇ ಕರೆಯುತ್ತಿದ್ದರು.

"ಮಮ್ಮಿ, ಛುಟ್ಟಿ ಸೆ ಪಹಲೆ ಸಬ್ ಬಚ್ಚೇ ಏಕ್ ಏಕ್ ಕ್ರಿಸ್ಮಸ್ ಸ್ಟೋರಿ ಬೋಲೇಂಗೆ. ಆಪ್ ಘರ್ ಮೇ ಪಢ್‌ಕೇ ಸುನಾನಾ, ಬಸ್."

ರಜೆಗೆ ಮುಂಚೆ ಪ್ರತಿ ಮಗುವೂ ಒಂದು ಕತೆ ಹೇಳಬೇಕು, ಮನೆಯಲ್ಲಿ ಓದಿ ಕೇಳಿಸಿದರೆ ಸಾಕು. ನಾನು ತಲೆಯಾಡಿಸಿ ಹೊರಟೆ. ಅವರು ಮತ್ತೆ ಕರೆದು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ದೀಪಾವಳಿಯ ನಂತರ ಶಾಲೆ ಶುರುವಾದಾಗಿನಿಂದ ನಿಮ್ಮ ಮಗಳು ಕ್ಲಾಸಿನಲ್ಲಿ ಬಾಯಿಯನ್ನೇ ಬಿಟ್ಟಿಲ್ಲ. ಹಾಜರಿ ಕರೆದರೂ ಕೈ ಎತ್ತುತ್ತಾಳೆ, ಅಷ್ಟೇ. ಕತೆಯಿಂದಲಾದರೂ ಮಾತಾಡಿಯಾಳು, ನೋಡೋಣ.

ಇದು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅವಳು ಮಾತಾಡುತ್ತಿದ್ದಳು. ಹೆಚ್ಚಲ್ಲ, ಆದರೂ ಆಡುತ್ತಿದ್ದಳು. ದಿನಾ ಸಂಜೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದಳು: "ಇವತ್ತ ಹೋಗೂದಾ?"

ಅವಳು ಕೇಳುತ್ತಿದ್ದದ್ದು ಊರು ಬಿಟ್ಟು ಹೋಗುವುದನ್ನು. ಆ ವರ್ಷ ಸೂರತ್‌ಗೆ ಪ್ಲೇಗು ಬಂದಿತ್ತು.

ನಾವಿದ್ದದ್ದು ಕತಾರ್‌ಗಾಮ್‌ನಲ್ಲಿ, ವಜ್ರ ಉಜ್ಜುವ ಕಾರ್ಖಾನೆಯೊಂದರ ಮೇಲಿನ ಮಹಡಿಯಲ್ಲಿ. ನನ್ನ ಗಂಡನಿಗೆ ಧಾರವಾಡದಿಂದ ಇಲ್ಲಿಯ ಬ್ಯಾಂಕಿಗೆ ವರ್ಗವಾಗಿತ್ತು. ಮಗಳಿಗೆ ಐದು ತುಂಬಿತ್ತು, ಮಗ ಕಂಕುಳ ಕೂಸು. ಸೆಪ್ಟೆಂಬರಿನಲ್ಲಿ ಮಳೆನೀರು ಇಳಿದು ಓಣಿಯಲ್ಲಿ ಕೊಳೆ ಉಳಿದಾಗ ಮೊದಲು ಬಂದದ್ದು ಬರೀ ಗುಸುಗುಸು. ಆಮೇಲೆ ಅಂಗಡಿಗಳಲ್ಲಿ ಮಾತ್ರೆ ಸಿಗದಾಯಿತು. ಜನ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡಿದರು. ಕೆಳಗಿನ ಕಾರ್ಖಾನೆಯ ಕಾರಿಗರರು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಲಾರಿ ಹತ್ತಿದರು. ಒಂದು ಸಂಜೆ ಗಂಡ ಬೇಗ ಮನೆಗೆ ಬಂದು, "ಚೀಲ ತುಂಬು, ಹೊಂಡೋಣು," ಎಂದರು. ಅವರೂ ನಮ್ಮ ಜೊತೆ ಬರುತ್ತಾರೆಂದೇ ನಾನು ತಿಳಿದಿದ್ದೆ.

ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ನನ್ನನ್ನೂ ಕೂಸನ್ನೂ ಡಬ್ಬಿಯೊಳಗೆ ನೂಕಿ, ತುರ್ತು ಕಿಟಕಿಯಿಂದ ಚೀಲವನ್ನೂ ಅದರ ಹಿಂದೆ ಮಗಳನ್ನೂ ಒಳಗೆ ದಾಟಿಸಿದರು. ತಾವು ಹತ್ತಲಿಲ್ಲ.

"ಮಂದಿ ರೊಕ್ಕ ತಗೊಂಡು ಊರು ಬಿಡಬೇಕಂತ ಕಾಯಾಕತ್ತಾರ. ಬ್ಯಾಂಕಿನ ಬಾಗ್ಲಾ ಯಾರರೆ ತಗೀಬೇಕಲ್ಲ," ಎಂದರು. "ನೀವು ನಡೀರಿ."

ಗಾಡಿ ಬಿಟ್ಟಿತು. ಮಗಳು ಅಳಲಿಲ್ಲ. ಅಪ್ಪನನ್ನು ನೋಡುತ್ತಲೇ ಇದ್ದಳು.

ನಾವು ಹೋದದ್ದು ವಡೋದರಾದ ಹತ್ತಿರ ಕೊಯಾಲಿಗೆ. ಗಂಡನ ಅಣ್ಣ ಅಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿದ್ದರು, ಟೌನ್‌ಶಿಪ್ಪಿನಲ್ಲಿ ಕ್ವಾರ್ಟರ್ಸು. ನನ್ನ ನೆಗೆಣ್ಣಿ ಕೆಟ್ಟವರಲ್ಲ. ಆದರೆ ನಮಗೆ ಹೊರಗಿನ ಕೋಣೆ ಕೊಟ್ಟರು, ತಟ್ಟೆ ಲೋಟ ಬೇರೆ ಇಟ್ಟರು, ತಮ್ಮ ಮಕ್ಕಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಹೊರಗೆ ಜೋಕಾಲಿಯ ಹತ್ತಿರ ಹೋದ ಮಗಳನ್ನು ಟೌನ್‌ಶಿಪ್ಪಿನ ಮಕ್ಕಳು "ಸೂರತ್‌ವಾಲೀ" ಎಂದು ಕೂಗಿ ಚದುರಿ ಓಡಿದರು. ಅವಳು ಒಳಗೆ ಬಂದು, ಸೂರತ್‌ವಾಲೀ ಎಂದರೆ ಬೈಗುಳವೇ ಎಂದು ಕೇಳಿದಳು.

ದೀಪಾವಳಿಗೆ ಮುಂಚೆ ನಾವು ಮರಳಿದೆವು. ಗಂಡನಿಗೆ ಏನೂ ಆಗಿರಲಿಲ್ಲ, ತೆಳ್ಳಗಾಗಿದ್ದರು ಅಷ್ಟೇ. ಓಣಿ ಎಂದೂ ಇಲ್ಲದಷ್ಟು ಸ್ವಚ್ಛವಾಗಿತ್ತು. ನಾನು ಮಾತ್ರ ಸರಿಹೋಗಲಿಲ್ಲ. ಕೂಸು ಸೀನಿದರೆ ಕೈಕೆಲಸ ಬಿಟ್ಟು ಓಡುತ್ತಿದ್ದೆ. ಮಗಳ ಹಣೆ ಮುಟ್ಟಿ ಮುಟ್ಟಿ ಅವಳಿಗೇ ಬೇಸರವಾಗಿ ನನ್ನ ಕೈ ತಳ್ಳುತ್ತಿದ್ದಳು.

ಇಂಥ ಸ್ಥಿತಿಯಲ್ಲಿ ನಾನು ಕತೆ ಪುಸ್ತಕ ಹುಡುಕಬೇಕಾಗಿತ್ತು. ಗಂಡ ಬ್ಯಾಂಕಿನ ತರಬೇತಿಗೆಂದು ಅಹಮದಾಬಾದಿಗೆ ಹೊರಟಿದ್ದರು. ಅಲ್ಲಿ ಭಾನುವಾರ ನದಿಯ ಮರಳಲ್ಲಿ ಸಂತೆ ಕೂಡುತ್ತದೆ, ಹಳೆಯ ಇಂಗ್ಲಿಷ್ ಪುಸ್ತಕಗಳ ಗುಡ್ಡೆ ಬೀಳುತ್ತದೆ ಎಂದು ಯಾರೋ ಹೇಳಿದ್ದರು.

"ಎಂಥಾ ಕತಿ ತರ್ಲಿ?" ಎಂದು ಕೇಳಿದರು.

"ಹೆದರಿಕಿ ಇಲ್ಲದ್ದು."

"ಅಂಥಾ ಕತಿ ಇರ್ತಾವೇನ?" ಎಂದರು. ಚೇಷ್ಟೆಗೆ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು.

ಅವರು ನಾಲ್ಕು ಪುಸ್ತಕ ತಂದರು. ಮಗಳು ಶಾಲೆಯಲ್ಲಿದ್ದಾಗ, ಕೂಸು ಮಲಗಿದ ಮೇಲೆ, ನಾನು ಅಡುಗೆಮನೆಯ ನೆಲದ ಮೇಲೆ ಅವನ್ನು ಹರಡಿಕೊಂಡು ಕೂತೆ. ಪರೀಕ್ಷೆಗೆ ಕೂತ ಹಾಗಿತ್ತು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಇಂಗ್ಲಿಷ್ ಪುಸ್ತಕವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದಬೇಕಿತ್ತು.

ಎಲ್ಲಕ್ಕಿಂತ ಚೆಂದದ ಪುಸ್ತಕದ ತುಂಬ ಇಲಿಗಳು. ಕೆಂಪು ಟೊಪ್ಪಿಗೆ ಹಾಕಿದ ಅಪ್ಪ ಇಲಿ, ಅಮ್ಮ ಇಲಿ, ಸಾಲಾಗಿ ಮರಿಗಳು, ಮೋಂಬತ್ತಿ ಹಚ್ಚಿಕೊಂಡು ಹಬ್ಬ ಮಾಡುತ್ತಿದ್ದವು. ನಮ್ಮ ಜಿನೆಯ ಮೆಟ್ಟಿಲ ಕೆಳಗೆ ಸತ್ತ ಇಲಿಯನ್ನು ಇಕ್ಕಳದಲ್ಲಿ ಎತ್ತಿದ್ದನ್ನು ಮಗಳು ಕಣ್ಣಾರೆ ಕಂಡಿದ್ದಳು. ಆ ಪುಸ್ತಕವನ್ನು ಕಪಾಟಿನ ನೆತ್ತಿಗೆ ಎಸೆದೆ. ಎರಡನೆಯದರಲ್ಲಿ ಜ್ವರ ಬಂದ ಹುಡುಗನೊಬ್ಬ ಹಬ್ಬಕ್ಕೆ ಏಳುತ್ತಾನೋ ಇಲ್ಲವೋ ಎಂದು ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ಕೂತಿದ್ದರು. ಕೊನೆಗೆ ಏಳುತ್ತಾನೆ, ಆದರೆ ಅಲ್ಲಿಯವರೆಗೆ ಓದುವ ಧೈರ್ಯ ನನಗೇ ಇರಲಿಲ್ಲ. ಮೂರನೆಯದರಲ್ಲಿ ಬಿಳಿ ಗಡ್ಡದ ಮುದುಕ, ಬೆನ್ನಿಗೆ ಚೀಲ. ಮಕ್ಕಳೆಲ್ಲ ಇಷ್ಟಪಡುವ ಮುದುಕನೇ. ಆದರೆ ಆ ಚಿತ್ರದಲ್ಲಿ ಗಡ್ಡ ಅವನ ಬಾಯಿ ಮೂಗು ಪೂರ್ತಿ ಮುಚ್ಚಿತ್ತು, ಕಣ್ಣುಗಳಷ್ಟೇ ಕಾಣುತ್ತಿದ್ದವು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಮನೆಗೆ ಔಷಧದ ಪುಡಿ ಹೊಡೆಯಲು ಬಂದವರನ್ನು ಕಂಡು ಮಗಳು ಮಂಚದ ಕೆಳಗೆ ಹೊಕ್ಕಿದ್ದು ನೆನಪಾಯಿತು.

ಉಳಿದದ್ದು ತೆಳ್ಳನೆಯ ಪುಸ್ತಕ, ಕೂಸು ಹುಟ್ಟಿದ ಕತೆ. ಹಸು, ಕುರಿ, ನಕ್ಷತ್ರ, ಉಡುಗೊರೆ ತಂದ ಮೂವರು. ನನಗೆ ಉಸಿರು ಬಂತು. ಹಾಳೆ ತಿರುವುತ್ತ ಹೋದೆ. ಕೊನೆಗೆ ಎದುರುಬದುರಿನ ಎರಡು ಪುಟಗಳಲ್ಲಿ ರಾಜನೊಬ್ಬ ಕೂಸನ್ನು ಕೊಲ್ಲಲು ಸಿಪಾಯಿಗಳನ್ನು ಕಳಿಸುತ್ತಾನೆ, ತಂದೆತಾಯಿ ಕೂಸನ್ನೆತ್ತಿಕೊಂಡು ಊರು ಬಿಟ್ಟು ಓಡುತ್ತಾರೆ. ಅಲ್ಲಿಗೆ ಪುಸ್ತಕ ಮುಗಿದಿತ್ತು. ನಾನು ಆ ಎರಡೂ ಪುಟಗಳನ್ನು ಸೇರಿಸಿ ಒಂದು ಪಿನ್ನು ಚುಚ್ಚಿಬಿಟ್ಟೆ.

ಮರುದಿನ ಸಂಜೆ ಓದಲು ಕೂತೆವು. ಗಂಡ ಪಕ್ಕದಲ್ಲೇ ಕೂಸನ್ನು ಆಡಿಸುತ್ತಿದ್ದರು. ಕೂಸನ್ನು ಮಲಗಿಸಲು ತೊಟ್ಟಿಲಿರಲಿಲ್ಲ, ಅದಕ್ಕೇ ಗ್ವಾದಲಿಯೊಳಗೆ ಹುಲ್ಲು ಹಾಸಿ ಮಲಗಿಸಿದರು ಎಂದೆ.

"ಗ್ವಾದ್ಲಿ ಅಂದ್ರ?"

"ದನಕ್ಕ ಮೇವು ಹಾಕೂದು."

"ದನಾ ಅದನ್ನ ಕಚ್ಚಲಿಲ್ಲಾ?"

ಇಂಥ ಪ್ರಶ್ನೆ ಕೇಳಿ ತಿಂಗಳುಗಳಾಗಿದ್ದವು. ನಾನು ಖುಷಿಯಲ್ಲಿ ಮೂವರು ಉಡುಗೊರೆಯವರ ತನಕ ಓದಿ, ಮುಗೀತು ಎಂದು ಪುಸ್ತಕ ಮುಚ್ಚಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು, ಬೆರಳಿಂದ ಅಂಚು ಸವರಿದಳು.

"ಇದ ಯಾಕ ಬಂದ್ ಮಾಡೀದಿ?"

"ಹರದಿತ್ತು," ಎಂದೆ.

ಅವಳು ಪಿನ್ನು ಕಿತ್ತಳು. ಪುಟಗಳು ತೆರೆದುಕೊಂಡವು. ಕಪ್ಪು ಆಕಾಶ, ಕತ್ತೆಯ ಮೇಲೆ ಕೂಸನ್ನೆತ್ತಿಕೊಂಡ ತಾಯಿ, ಗಂಟು, ಮುಂದೆ ಹಗ್ಗ ಹಿಡಿದ ತಂದೆ. ಅವಳು ಎಷ್ಟೋ ಹೊತ್ತು ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಈಗ ಅಳುತ್ತಾಳೆ, ಈಗ ಮಂಚದ ಕೆಳಗೆ ಹೋಗುತ್ತಾಳೆ ಅನಿಸುತ್ತಿತ್ತು.

"ಇವರ ಊರಾಗೂ ಪ್ಲೇಗ್ ಬಂದಿತ್ತಾ?"

"ಇಲ್ಲ. ಕೆಟ್ಟ ರಾಜಾ ಇದ್ದ."

ಅವಳು ಹಗ್ಗ ಹಿಡಿದವನ ಮೇಲೆ ಬೆರಳಿಟ್ಟಳು. "ಪಪ್ಪಾ ಸೈತ ಹೊಂಟಾನ," ಎಂದಳು. ಆಮೇಲೆ ನನ್ನ ಗಂಡನ ಕಡೆ ತಿರುಗಿದಳು. "ನೀ ಯಾಕ ಬರಲಿಲ್ಲ?"

ಅವರು "ಬ್ಯಾಂಕ್..." ಎಂದು ಶುರು ಮಾಡಿ ನಿಲ್ಲಿಸಿದರು. ಕೂಸು ಅವರ ಅಂಗಿಯ ಗುಂಡಿ ಎಳೆಯುತ್ತಿತ್ತು.

"ಬರಬೇಕು ಅನಿಸಿತ್ತು ಅವ್ವಿ," ಎಂದರು ಕೊನೆಗೆ. "ಗಾಡಿ ಹ್ವಾದ ಮ್ಯಾಲ ನನಗ ಭಾಳ ಹೆದರಿಕಿ ಆತು. ಮನಿಗೆ ಬಂದು ನಿನ್ನ ಹಾಸಗಿ ಮ್ಯಾಲ ಕುಂತೆ."

"ಒಬ್ಬನ?"

"ಒಬ್ಬನ."

ಅವರಿಗೆ ಹೆದರಿಕೆಯಾಗಿತ್ತೆಂಬುದು ನನಗೂ ಆಗಲೇ ಗೊತ್ತಾದದ್ದು. ನನ್ನೆದುರು ಅವರು ಅದನ್ನು ಎಂದೂ ಹೇಳಿರಲಿಲ್ಲ. ಮಗಳು ತಲೆ ಆಡಿಸಿದಳು, ದೊಡ್ಡವರು ಆಡಿಸಿದ ಹಾಗೆ. ಮತ್ತೆ ಪುಸ್ತಕಕ್ಕೆ ಬಾಗಿದಳು.

"ಇವರು ವಾಪಸ್ ಬಂದ್ರಾ?"

ನನಗೆ ಗೊತ್ತಿರಲಿಲ್ಲ. ಹಾಳೆ ತಿರುವಿದರೆ ಬರೀ ರಟ್ಟು. ಬಂದರು ಎಂದುಬಿಡಬಹುದಿತ್ತು, ಆದರೆ ಹರಿದಿತ್ತು ಎಂದು ಸುಳ್ಳು ಹೇಳಿ ಆಗಲೇ ಸಿಕ್ಕಿಬಿದ್ದಿದ್ದೆ. "ನಿಮ್ಮ ಟೀಚರ್‌ಗೆ ಕೇಳಿ ಹೇಳ್ತೀನಿ," ಎಂದೆ.

ಮರುದಿನ ಟೀಚರನ್ನು ಕೇಳಿದೆ. ನಿಲ್ಲಲು ಪುರಸೊತ್ತಿಲ್ಲದ ಆ ಹೆಂಗಸು ನಿಂತು ಪೂರ್ತಿ ಹೇಳಿದರು. ಆ ರಾಜ ಸತ್ತ ಮೇಲೆ ಅವರು ಮರಳಿ ಬಂದರು, ಆದರೆ ಹೊರಟ ಊರಿಗಲ್ಲ, ಇನ್ನೊಂದು ಊರಿಗೆ ಹೋಗಿ ನೆಲೆಸಿದರು. ದಾರಿಯುದ್ದಕ್ಕೂ ಆ ಇನ್ನೊಂದು ಊರು ನನ್ನನ್ನು ಕೊರೆಯಿತು. ಇದನ್ನು ಹೇಳಿದರೆ ನಾವೂ ಮನೆ ಬಿಡುತ್ತೇವೆಂದು ತಿಳಿದಾಳೇ? ಹೇಳದೆ ಇದ್ದರೆ ಟೀಚರಿಂದ ತಿಳಿಯದೇ ಇದ್ದೀತೇ? ಹೇಳಿಯೇ ಬಿಟ್ಟೆ.

"ಬ್ಯಾರೆ ಮನಿ ಸಿಕ್ತಾ?" ಎಂದಳು.

"ಸಿಕ್ತು."

"ಕತ್ತಿ?" ಚಿತ್ರದ ಕತ್ತೆಯನ್ನು ಕೇಳಿದ್ದು.

"ಕತ್ತೀನೂ ಬಂತು," ಎಂದೆ. ಅದನ್ನು ಟೀಚರು ಹೇಳಿರಲಿಲ್ಲ.

ಕತೆಯ ದಿನ ನಾಲ್ಕಾರು ತಾಯಂದಿರು ಕ್ಲಾಸಿನ ಹೊರಗೆ ಕಿಟಕಿಯ ಬಳಿ ನಿಂತಿದ್ದೆವು. ನಮ್ಮೊಳಗೆ ಮಾತಿಲ್ಲ, ಬರೀ ನಗೆ. ಒಳಗೆ ಗೋಡೆಗೆ ಹತ್ತಿಯ ಹಿಮ, ಬೇಗಡೆಯ ನಕ್ಷತ್ರ. ಕೆಲವು ಬೆಂಚು ಇನ್ನೂ ಖಾಲಿ ಇದ್ದವು. ಊರಿಗೆ ಹೋದ ಕೆಲವು ಮನೆಯವರು ತಿರುಗಿ ಬಂದಿರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಂದು ಗಡ್ಡದ ಮುದುಕನ ಕತೆ ಒಪ್ಪಿಸಿ, ಚಪ್ಪಾಳೆ ಪಡೆದು ಹೋದರು. ನನ್ನ ಮಗಳ ಸರದಿ ಬಂತು. ಅವಳು ಮುಂದೆ ಹೋಗಿ ನಿಂತು ತನ್ನ ಬೂಟನ್ನೇ ನೋಡತೊಡಗಿದಳು. ಟೀಚರು ಕಾದರು. ನಾನು ಕಿಟಕಿಯ ಸರಳು ಹಿಡಿದು, ಬೇಡ, ಕಳಿಸಿಬಿಡಿ, ಕೂತುಕೊಳ್ಳಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಅವಳು ನಕ್ಷತ್ರ ಬಿಟ್ಟಳು, ಕುರಿ ಬಿಟ್ಟಳು, ಕೊನೆಯ ಪುಟದಿಂದಲೇ ಶುರು ಮಾಡಿದಳು. "ಏಕ್ ಬೇಬಿ ಥಾ. ಉಸ್ಕೋ ಲೇಕೇ ಸಬ್ ಭಾಗ್ ಗಯೇ. ಮಮ್ಮಿ ನೇ ಮುಹ್ ಪೇ ರುಮಾಲ್ ಬಾಂಧಾ." ಕೂಸನ್ನೆತ್ತಿಕೊಂಡು ಓಡಿದ ಆ ತಾಯಿಯ ಬಾಯಿಗೆ ನನ್ನ ಮಗಳು ಕರವಸ್ತ್ರ ಕಟ್ಟಿದ್ದಳು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಅಮೇ ಪಣ್ ಭಾಗೀ ಗಯಾ ಹತಾ! ಭಾವನಗರ!" ನಾವೂ ಓಡಿಹೋಗಿದ್ದೆವು ಎಂದ. ಇನ್ನೊಬ್ಬಳು ತಾವು ಲಾರಿಯಲ್ಲಿ ಹೋದೆವೆಂದಳು. ಲಾರಿಯಲ್ಲಿ ವಾಂತಿ ಮಾಡಿದೆನೆಂದು ಮತ್ತೊಬ್ಬ ಕೂಗಿದ. ಅಜ್ಜ ಬರಲೊಪ್ಪದೆ ಮನೆಯಲ್ಲೇ ಉಳಿದ, ನಮ್ಮ ಬೆಕ್ಕೂ ಉಳಿಯಿತು ಎಂದು ಒಂದು ಪುಟ್ಟ ದನಿ ಹೇಳಿತು. ಕ್ಲಾಸು ಸಂತೆಯಾಯಿತು. ನನ್ನ ಮಗಳು ಎಲ್ಲರ ದನಿಗಿಂತ ದನಿಯೇರಿಸಿ, "ಸುನೋ! ಸುನೋ ನಾ! ಗಧಾ ಭೀ ಗಯಾ!" ಎಂದು ಕೂಗುತ್ತಿದ್ದಳು. ಕೇಳಿ, ಕತ್ತೆಯೂ ಹೋಯಿತು!

ಹಬ್ಬದ ಹೊತ್ತಿನಲ್ಲಿ ಎಲ್ಲರ ಮಕ್ಕಳಿಗೂ ಆ ಹಾಳು ಪ್ಲೇಗನ್ನು ನೆನಪಿಸಿದಂತಾಯಿತಲ್ಲ ಎಂದು ನಾನು ಉಳಿದ ತಾಯಂದಿರಿಂದ ಮುಖ ತಿರುಗಿಸಿದೆ. ಗದ್ದಲ ಕೇಳಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದು, ಏನಿದು ಎಂದು ಗದರಿದರು. ಟೀಚರು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತಿದ್ದರು. ಏಳಲೂ ಇಲ್ಲ.

"ಸ್ಟೋರಿ ಚಲ್ ರಹೀ ಹೈ," ಎಂದರು. ಕತೆ ನಡೆದಿದೆ.

ನನ್ನ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. "ತಮೇ ಕ್ಯಾಂ ಗಯಾ ಹತಾ?" ಎಂದಳು. ನೀವು ಎಲ್ಲಿಗೆ ಹೋಗಿದ್ದಿರಿ?

"ವಡೋದರಾ," ಎಂದೆ.

ಅವಳು ಅಮ್ರೇಲಿಯ ಕಡೆಗೆ ಹೋಗಿದ್ದಳಂತೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅದೊಂದೇ ಯೋಚನೆಯಂತೆ. ತಿರುಗಿ ಬಂದು ನೋಡಿದರೆ ಹಾಕಿರಲೇ ಇಲ್ಲ. ಆದರೂ ಮನೆಯಲ್ಲಿ ಒಂದು ಚಮಚವೂ ಹೋಗಿರಲಿಲ್ಲ. ಕದಿಯುವವರೂ ಓಡಿಹೋಗಿದ್ದರಲ್ಲ ಎಂದು ಅವಳು ನಕ್ಕಳು. ಉಳಿದವರೂ ಹತ್ತಿರ ಬಂದು ತಮ್ಮ ತಮ್ಮ ಊರು ಹೇಳತೊಡಗಿದರು. ಒಳಗಿನಷ್ಟೇ ಗದ್ದಲ ಹೊರಗೂ ಆಯಿತು.

ರಜೆ ಮುಗಿದ ಮೇಲೆ ಮಗಳು ಕ್ಲಾಸಿನಲ್ಲಿ ಹಾಜರಿಗೆ ಬಾಯಿಂದಲೇ ಉತ್ತರ ಕೊಡತೊಡಗಿದಳು. ಸಂಜೆಯ ಆ ಪ್ರಶ್ನೆ ಒಮ್ಮೆಲೇ ನಿಲ್ಲಲಿಲ್ಲ. ಮೊದಲು ಒಂದೊಂದು ದಿನ ಮರೆತಳು, ಬೇಸಿಗೆಯ ಹೊತ್ತಿಗೆ ಪೂರ್ತಿ ಮರೆತಳು. ನನ್ನ ದಿಗಿಲು ಹೋಗಲು ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಮುಂದಿನ ಡಿಸೆಂಬರಿನಲ್ಲಿ ಪುಸ್ತಕ ತರಲು ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಮೊಲದ ಮರಿಗಳು ಹಾಡು ಹೇಳುತ್ತ ಕೂತ ಒಂದು ಪುಸ್ತಕವನ್ನು ನಾನು ಎತ್ತಿಕೊಂಡೆ. ಅವಳು ಅದನ್ನು ತಿರುವಿ ಹಾಕಿ, "ಮಮ್ಮಿ, ಇದರಾಗ ಏನೂ ಆಗೂದೇ ಇಲ್ಲ," ಎಂದು ವಾಪಸು ಇಟ್ಟಳು. ಬಿರುಗಾಳಿಯಲ್ಲಿ ಹಡಗೊಂದು ವಾಲಿದ್ದ ಇನ್ನೊಂದನ್ನು ಆರಿಸಿಕೊಂಡಳು. ರೊಕ್ಕ ಕೊಡುವ ಮುಂಚೆ ನಾನು ಅಂಗಡಿಯವನಿಗೆ ಬೆನ್ನು ಮಾಡಿ ನಿಂತು ಕೊನೆಯ ಪುಟ ಓದಿದೆ.