ನಮ್ಮನೆಯವರ ನೌಕಾಪಡೆ

ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಹಳೆಯ ಕಂಪ್ಯೂಟರ್ ಮೇಜೊಂದಕ್ಕೆ ಸುತ್ತು ಹಾಕಿ ನೋಡುತ್ತಿದ್ದರು. ಕೆ.ಆರ್. ಪುರದಲ್ಲಿ ನನ್ನದೊಂದು ಹಳೇ ಫರ್ನಿಚರ್ ಅಂಗಡಿ. ದೊಡ್ಡನೆಕ್ಕುಂದಿ ಕಡೆ ಆಫೀಸು ಖಾಲಿ ಮಾಡುವವರು ಬಿಟ್ಟುಹೋದ ಕುರ್ಚಿ, ಮೇಜು, ಕಪಾಟುಗಳಿಗೆ ಎರಡನೇ ಮದುವೆ ಮಾಡಿಸುವುದು ನನ್ನ ಕಸುಬು. ಮೇಜಿನ ಕೆಳಗಿನ ಹಲಗೆ ಎಳೆದು ತೋರಿಸಿದೆ. ಯಾರೋ ಮರೆತುಹೋದ ಕೀಬೋರ್ಡೊಂದು ಧೂಳು ಹೊದ್ದು ಮಲಗಿತ್ತು. ನನ್ನ ಎಡಗೈ ಹೆಬ್ಬೆರಳು ನನ್ನನ್ನು ಒಂದು ಮಾತೂ ಕೇಳದೆ ಹೋಗಿ ಅದರ ಉದ್ದನೆಯ ಗುಂಡಿಯ ಮೇಲೆ ಕೂತಿತು. ಕೂತದ್ದಷ್ಟೇ ಅಲ್ಲ, ಒತ್ತಿತು.

"ಇದು ವರ್ಕ್ ಆಗುತ್ತಾ ಮೇಡಂ?"

"ಮೇಜು ಆಗುತ್ತೆ."

ಅವರು ನಕ್ಕರು. ನಕ್ಕ ಗಿರಾಕಿ ಕೊಳ್ಳದೆ ಹೋಗುವುದು ಕಡಿಮೆ, ಅವರೂ ಕೊಂಡರು. ನಡುವೆ ನಿಮಗೊಂದು ಮಾತು: ಹಳೇ ಮೇಜು ಕೊಳ್ಳುವಾಗ ಅದರ ಮುಖ ನೋಡಬೇಡಿ, ಪಾಲಿಶ್ ಯಾರು ಬೇಕಾದರೂ ಹೊಡೆಸುತ್ತಾರೆ. ನಾಚಿಕೆ ಬಿಟ್ಟು ಬಗ್ಗಿ ಕಾಲು ನೋಡಿ. ಬೇಕು ಅನ್ನಿಸಿದರೆ ಆ ಬೇಕು ಎಂಬುದು ಕಣ್ಣಿಗೆ ಬರದ ಹಾಗೆ ನೋಡಿಕೊಳ್ಳಿ. ನನ್ನ ಅಂಗಡಿಗೆ ಬಂದಾಗ ಮಾತ್ರ ಇದನ್ನೆಲ್ಲ ಮರೆತುಬಿಡಿ.

ಹೆಬ್ಬೆರಳಿನ ಕಥೆಗೆ ಬರುತ್ತೇನೆ. ಆ ಉದ್ದನೆಯ ಗುಂಡಿ ಒತ್ತಿದರೆ ಸಮುದ್ರ ನಿಲ್ಲುತ್ತದೆ. ಅಲೆ, ಹಡಗು, ಹಾರಿದ ಗುಂಡು ಎಲ್ಲವೂ ಇದ್ದಲ್ಲೇ ನಿಲ್ಲುತ್ತವೆ. ಇನ್ನೊಮ್ಮೆ ಒತ್ತಿದರೆ ಹೊರಡುತ್ತವೆ. ಇದನ್ನು ನಾನು ಕಲಿತದ್ದು ಮೂರು ವರ್ಷದ ಹಿಂದೆ, ಹಲಸೂರಿನ ನಮ್ಮ ಮನೆಯ ನಡುಕೋಣೆಯಲ್ಲಿ, ನಮ್ಮನೆಯವರಿಂದ.

ನಮ್ಮನೆಯವರು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವರು. ಹಲಸೂರು ಕೆರೆಯ ದೋಣಿ ಬಿಟ್ಟರೆ ನೀರಿನ ಮೇಲೆ ಕೂತವರಲ್ಲ. ಆದರೂ ಭಾನುವಾರ ಬಂತೆಂದರೆ ಕಂಪ್ಯೂಟರಿನಲ್ಲಿ ಅವರದೊಂದು ನೌಕಾಪಡೆ ಹೊರಡುತ್ತಿತ್ತು. ಬಂದೂಕು ಹಿಡಿದು ಓಡುವ ಆಟ ಅಂದುಕೊಳ್ಳಬೇಡಿ. ತೆರೆಯ ತುಂಬ ನೀಲಿ ನಕಾಶೆ, ಅದರ ಮೇಲೆ ಜೀರಿಗೆಯಷ್ಟು ಜೀರಿಗೆಯಷ್ಟು ಹಡಗುಗಳು. ಯಾವುದು ಎತ್ತ ಹೋಗಬೇಕು, ಎಷ್ಟು ವೇಗ, ಎಣ್ಣೆ ಎಷ್ಟು ಉಳಿದಿದೆ, ಯಾರು ಯಾರ ಬೆನ್ನು ಕಾಯಬೇಕು ಎಂದು ಇವರು ಬೆಳಗಿನ ಕಾಫಿಗೆ ಕೂತರೆ ಊಟಕ್ಕೆ ಎರಡು ಸಲ ಕೂಗಬೇಕಿತ್ತು. "ಜೀರಿಗೆ ಆರಿಸೋದಾದ್ರೆ ಅಡುಗೆಮನೆಗೆ ಬನ್ನಿ, ಇಲ್ಲೂ ಇದೆ," ಎನ್ನುತ್ತಿದ್ದೆ. ಅವರು ಜಗಳ ಆಡುವವರಲ್ಲ. ನಕ್ಕು, ಇನ್ನೊಂದು ಹಡಗು ತಿರುಗಿಸುತ್ತಿದ್ದರು.

ನಿವೃತ್ತಿಯಾದ ವರ್ಷವೇ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಕಾಲು ಎಳೆಯುವಂತಾಯಿತು. ಕಾಲು ನಿಧಾನಕ್ಕೆ ಬಂತು. ಮಾತು ಬರಲಿಲ್ಲ. ಬುದ್ಧಿಯೇನೋ ನೆಟ್ಟಗಿತ್ತು, ಬೇಕಾದ ಪದ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ನೀರು ಬೇಕಾದಾಗ "ಅದು... ಅದು..." ಎಂದು ಲೋಟ ತೋರಿಸುವರು. ನಾನು "ನೀರಾ? ಬಿಸಿನೀರಾ? ತಗೊಳ್ಳಿ," ಎಂದು ಮುಗಿಸಿಬಿಡುತ್ತಿದ್ದೆ. ಆಟೋದವನು "ಎಲ್ಲಿಗೆ ಸಾರ್?" ಅಂದರೆ ನಾನು ಹೇಳುತ್ತಿದ್ದೆ. ಅವರ ತಂಗಿ ಫೋನ್ ಮಾಡಿದರೆ ಪಕ್ಕದಲ್ಲಿ ಕೂತು ನಾನೇ ಅವರ ಉತ್ತರ ಕೊಡುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿ ಬಾಯಿ ಬಿಡುವ ತನಕ ಕಲ್ಲಿನ ಹಾಗೆ ಕೂರುವವಳು ನಾನು. ಮೊದಲು ಬೆಲೆ ಹೇಳಿದವನು ಸೋತ ಎಂಬುದು ನನ್ನ ವ್ಯಾಪಾರದ ಮೊದಲ ಪಾಠ. ಮನೆಗೆ ಬಂದರೆ ಆ ತಾಳ್ಮೆಯಲ್ಲಿ ಒಂದು ಚಿಟಿಕೆಯೂ ಉಳಿದಿರುತ್ತಿರಲಿಲ್ಲ. ದಿನವಿಡೀ ಅಂಗಡಿ, ಸಂಜೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು, ಬಂದ ಮೇಲೆ ಔಷಧಿ, ಸ್ನಾನ, ಅಡುಗೆ. ಒಂದು ಪದಕ್ಕಾಗಿ ಒಲೆ ಮುಂದೆ ನಿಂತು ಕಾಯಲು ಯಾರಿಂದಾಗುತ್ತದೆ ಹೇಳಿ?

ರಿಚರ್ಡ್ಸ್ ಟೌನಿನಲ್ಲಿ ಮಾತು ಕಲಿಸುವ ಥೆರಪಿಸ್ಟ್ ಒಬ್ಬಳಿದ್ದಳು. ವಯಸ್ಸು ಚಿಕ್ಕದು, ಮಾತು ಖಡಕ್ಕು.

"ಆಂಟಿ, ಅಂಕಲ್‌ದು ನೀವೇ ಮಾತಾಡಿಬಿಟ್ರೆ ಅವರಿಗೆ ಮಾತು ಯಾಕೆ ಬೇಕು?"

"ಪಾಪ, ಒದ್ದಾಡ್ತಾರಮ್ಮ."

"ಒದ್ದಾಡ್ಲಿ. ಒದ್ದಾಡಿದ್ರೇ ಬರೋದು. ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದು ಏನಾದ್ರೂ ಇದ್ಯಾ? ಅದನ್ನ ಅವರಿಂದ ಹೇಳಿಸ್ಕೊಂಡು ಕಲೀರಿ. ಆಗ ನೀವು ಮುಂದೆ ಓಡೋಕಾಗಲ್ಲ."

ನನಗೆ ಗೊತ್ತಿಲ್ಲದ್ದು ಯಾವುದಿದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಬಂದಾಗ ಮುಚ್ಚಟೆಯಾಗಿ ಬಟ್ಟೆ ಹೊದಿಸಿಟ್ಟ ಕಂಪ್ಯೂಟರ್ ಕಣ್ಣಿಗೆ ಬಿತ್ತು.

ಹಾಗೆ ನಾನು ಅವರ ಕೈಯಾದೆ. ಸಂಜೆ ಅಡುಗೆ ಆದ ಮೇಲೆ ಕುರ್ಚಿಯಲ್ಲಿ ನಾನು, ಪಕ್ಕದ ಸ್ಟೂಲಿನಲ್ಲಿ ಅವರು. ಅದೇನು ಗುಂಡಿಗಳೋ! ಮೌಸ್ ಎಂಬ ಇಲಿಯ ಎಡಗಿವಿ ಒತ್ತಿದರೆ ಹಡಗು ನಮ್ಮ ಮಾತು ಕೇಳಲು ತಯಾರಾಗುತ್ತದೆ, ಬಲಗಿವಿ ಒತ್ತಿದರೆ ಹೊರಡುತ್ತದೆ. ನಡುವಿನ ಚಕ್ರ ತಿರುಗಿಸಿದರೆ ಸಮುದ್ರ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ನಾಲ್ಕು ಹಡಗನ್ನು ಒಂದು ಗುಂಪು ಮಾಡಬೇಕಾದರೆ ಒಂದು ಗುಂಡಿ ಒತ್ತಿ ಹಿಡಿದು ಇನ್ನೊಂದು ಒತ್ತಬೇಕು. ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದರಲ್ಲಿ ಮುಚ್ಚಳ ಹಿಡಿದು ಅಭ್ಯಾಸವಿದ್ದವಳಿಗೂ ಅದು ತಬ್ಬಿಬ್ಬು. ನಾನು ಒತ್ತಿದ್ದೊಂದು, ಆದದ್ದೊಂದು. ಎಣ್ಣೆ ಹಡಗನ್ನು ಯುದ್ಧಕ್ಕೆ ಕಳಿಸಿದೆ. ಯುದ್ಧದ ಹಡಗನ್ನು ದಡಕ್ಕೆ ಹತ್ತಿಸಿದೆ.

"ಎ... ಎಡ," ಎನ್ನುವರು. ಅವರ ಬಾಯಿಗೆ ಎಡ ಬಂದಾಗ ಮನಸ್ಸಿನಲ್ಲಿ ಎಷ್ಟೋ ಸಲ ಬಲ ಇರುತ್ತಿತ್ತು. ಹಡಗು ಎನ್ನಲು ಹೋಗಿ "ಬಸ್ಸು" ಎನ್ನುವರು. "ಬಸ್ಸು... ತಿರುಗ್ಸು." ನಾನು ಬಸ್ಸು ತಿರುಗಿಸುತ್ತಿದ್ದೆ. ತಪ್ಪು ಪದ ಬಂದರೆ ತಿದ್ದಬಾರದು ಎಂದೂ ಆ ಥೆರಪಿಸ್ಟ್ ಹುಡುಗಿ ಹೇಳಿದ್ದಳು.

ಒಂದು ಮಾತ್ರ ನನಗೆ ಹೇಳಿಕೊಡದೆಯೇ ಅರ್ಥವಾಯಿತು, ರೇಡಾರು. ಅದನ್ನು ಹಾಕಿದರೆ ವೈರಿ ನಮಗೆ ಕಾಣುತ್ತಾನೆ. ಆದರೆ ನಾವು ಹುಡುಕುತ್ತಿದ್ದೇವೆಂದು ಅವನಿಗೂ ಗೊತ್ತಾಗುತ್ತದೆ. "ಅಷ್ಟೇನಾ? ಇದು ನಮ್ಮ ವ್ಯಾಪಾರವೇ!" ಎಂದೆ. ಸೀರೆಯ ಸೆರಗು ಮುಟ್ಟಿ ನೋಡಿದವಳಿಗೆ ಅಂಗಡಿಯವನು ಬೆಲೆ ಇಳಿಸುತ್ತಾನೆಯೇ? ರೇಡಾರು ಆರಿಸಿಯೇ ಪಡೆ ನಡೆಸಿದೆ. ನಮ್ಮನೆಯವರು ಹುಬ್ಬೇರಿಸಿ ನನ್ನನ್ನು ನೋಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ಹುಬ್ಬು ನನಗೆ ಹೆಚ್ಚು ಸಿಕ್ಕಿರಲಿಲ್ಲ. ತಲೆಗೆ ಏರಿತು.

ಆ ಏರಿದ ತಲೆಯೇ ಮರುದಿನ ಮುಳುಗಿಸಿದ್ದು. ಶಿವಾಜಿನಗರದಲ್ಲಿ ವ್ಯಾಪಾರ ಕಲಿತವರಿಗೆ ಒಂದು ಪಟ್ಟು ಗೊತ್ತಿರುತ್ತದೆ. ಬೆಲೆ ಕುದುರದಿದ್ದರೆ ಸುಮ್ಮನೆ ತಿರುಗಿ ನಡೆಯಬೇಕು. ಎರಡು ಅಂಗಡಿ ದಾಟುವುದರೊಳಗೆ ಹಿಂದಿನಿಂದ "ಆವೋ ಅಮ್ಮಾ, ಆವೋ, ಲೇಕೆ ಜಾವೋ" ಎಂದು ಕೂಗದ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಅವತ್ತು ವೈರಿಯ ಹಡಗುಗಳು ಎದುರಾದವು. ನಾನು ಒಂದು ಕ್ಷಣವೂ ಯೋಚಿಸದೆ ನಮ್ಮ ಪಡೆಯನ್ನೆಲ್ಲ ಬೆನ್ನು ತಿರುಗಿಸಿ ಹೊರಡಿಸಿದೆ.

"ಏ... ಏ..." ಎಂದರು.

"ಸುಮ್ನಿರಿ, ನಂಗೊತ್ತು. ಬೇಡ ಅಂತ ಹೊರಟ್ರೆ ಅವರೇ ಹಿಂದೆ ಬರ್ತಾರೆ ನೋಡ್ತಿರಿ."

ಬಂದರು. ಬಂದು ಹಿಂದಿನಿಂದ ಹೊಡೆದರು. ಎಲ್ಲಕ್ಕಿಂತ ದೊಡ್ಡ ಹಡಗು ಹೊಗೆ ಕಾರುತ್ತ ವಾಲಿತು.

"ಬೆನ್ನು ತೋರಿಸ್ಬೇಡ ಕಣೇ! ಇದು ಶಿವಾಜಿನಗರ ಅಲ್ಲ!"

ಕೋಣೆಯಲ್ಲಿ ಇಬ್ಬರೇ ಇದ್ದೆವು. ಆ ಮಾತು ನನ್ನದಲ್ಲ. ಸ್ಟ್ರೋಕ್ ಆದ ಮೇಲೆ ಅವರ ಬಾಯಿಂದ ಬಂದ ಮೊದಲ ಇಡಿಯ ಮಾತು ಅದು, ಎಲ್ಲೂ ತಡವರಿಸದೆ, ಬೈಗುಳದ ಏರುದನಿಯ ಸಮೇತ. ಅವರೇ ಬೆಚ್ಚಿ ಬಾಯಿ ಮುಟ್ಟಿಕೊಂಡರು. ತೆರೆಯ ಮೇಲೆ ಹಡಗು ಮುಳುಗುತ್ತಲೇ ಇತ್ತು. ಹಾಲು ಉಕ್ಕಿತೇನೋ ನೋಡುತ್ತೇನೆಂದು ಎದ್ದು ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನನ್ನ ಶನಿ ಏನೆಂದರೆ ನಾನು ಬೇಗ ಕಲಿಯುತ್ತೇನೆ. ಮಳೆಗಾಲ ಮುಗಿಯುವಷ್ಟರಲ್ಲಿ ಬೆರಳುಗಳಿಗೆ ಗುಂಡಿಗಳೆಲ್ಲ ಬಾಯಿಪಾಠ. ಅವರು ಬಾಯಿ ತೆರೆಯುವ ಮೊದಲೇ ಹಡಗು ಹೊರಟಿರುತ್ತಿತ್ತು. ಅವರು ಗದ್ದದಿಂದ ತೋರಿಸಿದರೆ ಸಾಕಾಯಿತು, ಆಮೇಲೆ ಅದೂ ಬೇಕಾಗಲಿಲ್ಲ. "ಅಂಕಲ್ ಮಾತು ಮತ್ತೆ ಕಡಿಮೆ ಆಗಿದೆಯಲ್ಲ ಆಂಟಿ?" ಎಂದಳು ಥೆರಪಿಸ್ಟ್. "ಈಗ ಬಿಟ್ರೆ ಆಮೇಲೆ ಹಿಡಿಯೋದು ತುಂಬಾ ಕಷ್ಟ."

ವ್ಯಾಪಾರದ ಬುದ್ಧಿ ತಾನೇ, ದಾರಿ ಹುಡುಕಿತು. ಗೊತ್ತಿಲ್ಲದವಳ ಹಾಗೆ ಆಡತೊಡಗಿದೆ. "ಗುಂಪು ಮಾಡೋದು ಹೇಗ್ರೀ ಮರ್ತೋಯ್ತು," "ಈ ಸಬ್‌ಮರೀನು ಕೆಳಗೆ ಇಳಿಸೋ ಗುಂಡಿ ಯಾವ್ದು?" ಸ್ವಲ್ಪ ದಿನ ನಡೆಯಿತು. ಮಾತೂ ಬಂತು, ಹನಿ ಹನಿಯಾಗಿ. ಆದರೆ ದಿನವೆಲ್ಲ ಅಂಗಡಿಯಲ್ಲಿ ಮುಖ ಬದಲಾಯಿಸಿ ಬದಲಾಯಿಸಿ ಬಂದವಳು ಮನೆಯಲ್ಲೂ ಒಂದು ಮುಖ ಹಾಕಿ ಕೂರಬೇಕೆಂದರೆ ಅದರ ದಣಿವೇ ಬೇರೆ. ಒಂದು ಸಂಜೆ ಅದೇ ಪ್ರಶ್ನೆ ಮೂರನೆಯ ಸಲ ಕೇಳಿದೆ. ಅವರು ತೆರೆಯನ್ನಲ್ಲ, ನನ್ನನ್ನು ನೋಡಿದರು.

"ನಾಟಕ."

"ಯಾವ ನಾಟಕ? ನಿಜವಾಗ್ಲೂ ಮರ್ತೋಯ್ತು ಕಣ್ರೀ."

"ನಾನು... ಗಿ... ಗಿರಾಕಿ... ಅಲ್ಲ."

ಗೋಡೆ ಹಿಡಿದು ಎದ್ದು ಒಳಗೆ ಹೋದರು. ಆಮೇಲೆ ಕಂಪ್ಯೂಟರಿನ ಹತ್ತಿರ ಬರಲಿಲ್ಲ, ಮಾತಿನ ಹತ್ತಿರವೂ ಬರಲಿಲ್ಲ. ಥೆರಪಿಗೆ ಕರೆದೊಯ್ದರೆ ಕೈಕಟ್ಟಿ ಕೂತು ಬಂದರು. ಕ್ಷಮೆ ಕೇಳೋಣವೆಂದರೆ, ಅಂಗಡಿಯಲ್ಲಿ ಬಣ್ಣದ ಮಾತಾಡಿ ಪಳಗಿದ ನನ್ನ ನಾಲಿಗೆಯ ಕ್ಷಮೆಯನ್ನು ಅವರು ನಂಬುವುದು ಹೇಗೆ? ಮನೆ ಎಷ್ಟು ಸದ್ದಿಲ್ಲದಾಯಿತೆಂದರೆ, ಕುಕ್ಕರ್ ಕೂಗಿದರೆ ಯಾರೋ ಬಂದ ಹಾಗಾಗುತ್ತಿತ್ತು.

ಆ ದಿನಗಳಲ್ಲೇ ಒಂದು ಸಂಜೆ. ಅಂಗಡಿಗೆ ಆಳು ಬಂದಿರಲಿಲ್ಲ, ಉಕ್ಕಿನ ಬೀರು ಒಂದನ್ನು ನಾನೇ ಒಂದು ಕಡೆ ಹಿಡಿದು ಲಾರಿಗೆ ಏರಿಸಿದ್ದೆ. ಬಸ್ಸಿನಲ್ಲಿ ನಿಂತೇ ಬಂದೆ. ಒಳಗೆ ಬಂದವಳು ದೀಪವನ್ನೂ ಹಾಕದೆ ದಿವಾನದ ಮೇಲೆ ಚೀಲದ ಸಮೇತ ಕೂತುಬಿಟ್ಟೆ.

"ಸುಸ್ತಾಗಿದೆ ಕಣ್ರೀ," ಎಂದೆ.

ಅಷ್ಟೇ. ಇದರಲ್ಲಿ ಯುಕ್ತಿ ಇರಲಿಲ್ಲ, ಇರಿಸಲು ತ್ರಾಣವೂ ಇರಲಿಲ್ಲ. ಅವರು ಕಿಟಕಿಯ ಹತ್ತಿರದ ಕುರ್ಚಿಯಿಂದ ತಿರುಗಿದರು. ಆ ಮಾತನ್ನು ಅವರು ನನ್ನ ಬಾಯಿಂದ ಕೇಳಿದವರೇ ಅಲ್ಲ.

"ಬೆ... ಬೆನ್ನಾ?"

"ಬೆನ್ನು, ಕಾಲು, ಬಾಯಿ, ಎಲ್ಲ."

ಅವರ ತುಟಿ ಪದ ಹುಡುಕತೊಡಗಿತು. ನಾನು ಗೋಡೆಗೆ ಒರಗಿದೆ.

"ಬಾಯಿಗೆ..." ಎಂದರು. "ಬಾಯಿಗೆ... ರಜ... ಕೊಡು."

ನಗು ಬಂತು, ನಗಲೂ ಬೆನ್ನು ನೋಯಿತು. ಅವರು ಎದ್ದು ಕಾಲೆಳೆಯುತ್ತ ಹೋಗಿ ಕಂಪ್ಯೂಟರ್ ಹಾಕಿದರು. ನನ್ನ ಕುರ್ಚಿಯಲ್ಲಿ ಕೂತು ಇಲಿಯನ್ನು ಎಡಗೈಗೆ ತೆಗೆದುಕೊಂಡರು. ಉದ್ದನೆಯ ತಂತಿಯ ಕೀಬೋರ್ಡನ್ನು ಎಳೆದು ತಂದು ದಿವಾನದ ಮೇಲೆ ನನ್ನ ಪಕ್ಕದಲ್ಲಿಟ್ಟರು.

"ಮಲಕ್ಕೋ. ತ... ತಡಿ ಅಂದ್ರೆ... ಒತ್ತು. ಹೂಂ ಅಂದ್ರೆ... ಒತ್ತು."

ನನ್ನ ಪಾಲಿಗೆ ಉಳಿದದ್ದು ಆ ಉದ್ದನೆಯ ಗುಂಡಿ ಒಂದೇ. ಮಲಗಿ ಕಣ್ಣು ಮುಚ್ಚಿದೆ, ಹೆಬ್ಬೆರಳು ಗುಂಡಿಯ ಮೇಲೆ. ಎಡಗೈಯಲ್ಲಿ ಅವರ ಹಡಗುಗಳು ಎತ್ತೆತ್ತಲೋ ಹೋಗುತ್ತಿದ್ದವಂತೆ. ನನಗೆ ಕಾಣುತ್ತಿರಲಿಲ್ಲವಾದ್ದರಿಂದ ಏನಾಗುತ್ತಿದೆಯೆಂದು ಅವರೇ ಹೇಳಬೇಕಾಯಿತು. "ತಡಿ. ಎರಡು... ಬಸ್ಸು. ಅಲ್ಲ. ಹಡಗು. ಉತ್ತರದಿಂದ... ಬರ್ತಿವೆ. ನಮ್ದು... ಹಿಂದೆ ಇದೆ." ಒಂದೊಂದು ಪದಕ್ಕೂ ಅಷ್ಟಷ್ಟು ಹೊತ್ತು. ನನಗೆ ಅವಸರವಿರಲಿಲ್ಲ. ಮಲಗಿದವಳಿಗೆ ಎಂಥ ಅವಸರ? "ಆಮೇಲೆ?" ಎಂದಷ್ಟೇ ಕೇಳುತ್ತಿದ್ದೆ, ಅದೂ ನಿಜವಾಗಿ ಗೊತ್ತಾಗಬೇಕಿತ್ತು, ಅದಕ್ಕೆ. ಅವತ್ತಿನಿಂದ ಬಹಳ ದಿನ ನಮ್ಮ ಸಂಜೆಗಳು ಹಾಗೇ ಕಳೆದವು. ಎಷ್ಟು ಯುದ್ಧ ಸೋತೆವೋ ಲೆಕ್ಕವಿಲ್ಲ.

ನಿನ್ನೆ ಮೇಜು ಮಾರಿ, ಅಂಗಡಿ ಬಾಗಿಲು ಹಾಕಿ ಮನೆಗೆ ಬಂದಾಗ ನೀರಿನ ಟ್ಯಾಂಕರ್ ನಮ್ಮ ಗೇಟಿಗೆ ಅಡ್ಡ ನಿಂತಿತ್ತು. ಎಂಜಿನ್ ಗುರ್ರೆನ್ನುತ್ತಿದೆ, ಹಿಂದೆ ಸ್ಕೂಟರುಗಳು ಹಾರ್ನ್ ಹೊಡೆಯುತ್ತಿವೆ. ಚಾಲಕ ಪೈಪು ಹಿಡಿದು ನಮ್ಮನೆಯವರನ್ನು ಕೇಳುತ್ತಿದ್ದ: "ಸಂಪು ಎಲ್ಲಿ ಸಾರ್? ಬೇಗ ಹೇಳಿ ಸಾರ್." ಇವರ ತುಟಿ ಕದಲುತ್ತಿತ್ತು. ಪದ ಹತ್ತಿರದಲ್ಲೇ ಇತ್ತು, ನನಗೆ ಕಾಣುತ್ತಿತ್ತು. ಚಾಲಕ ಅವರ ಭುಜದಾಚೆ ನನ್ನನ್ನು ನೋಡಿದ.

"ಅಮ್ಮ, ನೀವಾದ್ರೂ ಹೇಳಿ!"

"ಅವರನ್ನೇ ಕೇಳಪ್ಪ," ಎಂದೆ. ಅಲ್ಲೇ ಗೇಟಿನ ಪಕ್ಕದ ಕಟ್ಟೆಯ ಮೇಲೆ ಚೀಲ ಇಟ್ಟು ಕೂತೆ. ಕಾಲು ಚಾಚಿದೆ. ದಿನದಲ್ಲಿ ಮೊದಲ ಸಲ ಕೂತದ್ದು. ಸ್ಕೂಟರುಗಳ ಹಾರ್ನುಗಳು ಬಡಿದುಕೊಳ್ಳುತ್ತಿದ್ದವು, ಚಾಲಕ ಗೊಣಗುತ್ತಿದ್ದ. ನಮ್ಮನೆಯವರು ಎಡಗೈ ಎತ್ತಿ ಅವನನ್ನು ಸುಮ್ಮನಿರಿಸಿ, ತಮ್ಮ ಹೊತ್ತು ತಾವು ತೆಗೆದುಕೊಂಡು, ಹುಡುಕುತ್ತಿದ್ದರು. ಹುಡುಕಲಿ. ನಾನು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತ ಕೂತಿದ್ದೆ.