ಬೈತಲೆ ಕೆಡದ ಹಾಗೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಜಪಾನಿನ ಹಮಾಮತ್ಸು ಊರಿನ ಆಸ್ಪತ್ರೆಯೊಂದರ ಶವಪರೀಕ್ಷೆ ಕೋಣೆಯಲ್ಲಿ ಸಹಾಯಕಿ ನೊಬುಕೊ ಹಗಿವಾರಾ ಉಗುರುಬೆಚ್ಚಗಿನ ನೀರಿಗೆ ಟವೆಲ್ ಅದ್ದಿ ಹಿಂಡುತ್ತಿದ್ದಾರೆ. ಮೇಜಿನ ಮೇಲೆ ಮಸಕಿಚಿ ಮಲಗಿದ್ದಾರೆ. ಊರಿನ ಹಳೆಯ ಕ್ಷೌರಿಕರು, ಅಲ್ಝೈಮರ್ ಮರೆವಿನಲ್ಲಿ ಬಳಲಿ ಈಗಷ್ಟೇ ತೀರಿಕೊಂಡವರು. ಬುದ್ಧಿ ನೆಟ್ಟಗಿದ್ದಾಗಲೇ ತಮ್ಮ ಮೆದುಳನ್ನು ಸಂಶೋಧನೆಗೆ ಕೊಡಲು ಒಪ್ಪಿದ್ದರು. ಈಗ ಹೆಂಡತಿ ಕಿನುಯೊ ಅಡ್ಡ ನಿಂತಿದ್ದಾರೆ.

"ಕೊಡಲ್ಲ ಅಂದ್ರೆ ಕೊಡಲ್ಲ. ಊರೋರ ತಲೆಯೆಲ್ಲ ಚೆಂದ ಮಾಡಿದ ಮನುಷ್ಯ. ಸಂಜೆ ನೋಡೋಕೆ ಮನೆ ತುಂಬ ಜನ ಬರ್ತಾರೆ. ಹೊಲಿಗೆ ಹಾಕಿದ ತಲೆ ತೋರಿಸ್ಲಾ?"

ಡಾಕ್ಟರ್ ನಗಾಮಿನೆ ಗಡಿಯಾರ ನೋಡುತ್ತಾರೆ. ಅವರಿಗೆ ಬೇಕಾದ ಕೋಶಗಳು ಮನುಷ್ಯ ಹೋದ ಮೇಲೆ ಕೆಲವೇ ಗಂಟೆ ಜೀವ ಹಿಡಿದಿರುತ್ತವೆ. ನೊಬುಕೊ ಮಾತ್ರ ಕುರ್ಚಿ ಎಳೆದು ಕೂರುತ್ತಾರೆ.

"ಅಜ್ಜಿ, ನಿಮ್ಮಂಗಡೀಲಿ ನೆಲ ಗುಡಿಸ್ತಿದ್ದದ್ದು ಯಾರು?"

"ನಾನೇ. ಇನ್ನೇನು, ಅರಮನೆಯಿಂದ ಬರ್ತಿದ್ರಾ?"

"ಮೆದುಳಲ್ಲೂ ಹಾಗೇ ಕಸ ಗುಡಿಸಿ, ಕಾವಲು ಕಾಯೋ ಕೋಶಗಳಿವೆ. ಈ ಕಾಯಿಲೇಲಿ ಕಸದ ಮೇಲೆ ಕಸ ಬಿದ್ದು ಅವು ರೇಗಿಬಿಡ್ತವೆ, ಒಳ್ಳೇದನ್ನೂ ಗುಡಿಸಿ ಹಾಕ್ತವೆ. ಯಾಕೆ ಅಂತ ಡಾಕ್ಟ್ರು ಅವನ್ನೇ ಕೇಳ್ಬೇಕಂತೆ, ಜೀವ ಇರೋವಾಗ."

ಕಿನುಯೊ ಗಂಡನ ತಲೆಯ ಕಡೆ ತಿರುಗುತ್ತಾರೆ.

"ನೀವೇ ಒಂದ್ಸಲ ಬಾಚಿ ತೋರ್ಸಿ. ಹಿಂದಲೇಲಿ ಕೂದಲು ಎಲ್ಲಿ ದಟ್ಟಗೆ ಬೀಳುತ್ತೋ ಅದರಡಿಗೇ ನನ್ನ ಹೊಲಿಗೆ."

ಕೈಚೀಲದಿಂದ ಗಂಡನ ಬಾಚಣಿಗೆ ಹೊರಬರುತ್ತದೆ. ಬಾಚಿ ಮುಗಿಸಿ, "ಒಂದು ಕೂದಲು ಆಚೀಚೆ ಆಗ್ಲಿ, ನಿನ್ನ ಜುಟ್ಟು ಹಿಡೀತೀನಿ," ಎಂದು ಅದನ್ನು ನೊಬುಕೊ ಕೈಗಿಟ್ಟು ಅಜ್ಜಿ ಹೊರಗೆ ಕೂರುತ್ತಾರೆ.

ನೊಬುಕೊ ಮೊದಲು ಕಿಮೊನೊ ಹೊಲಿಯುತ್ತಿದ್ದವರು. ಉಡುವವರು ಕಡಿಮೆಯಾಗಿ ಅಂಗಡಿ ಮುಚ್ಚಿದಾಗ, ಯಾರೂ ಒಪ್ಪದ ಈ ಕೆಲಸಕ್ಕೆ ಬಂದರು. ಸಾವಿನ ಮೈಲಿಗೆ ಕಳೆಯಲೆಂದು ದಿನವೂ ಅತ್ತೆ ಹೊಸ್ತಿಲಲ್ಲೇ ತಡೆದು ಉಪ್ಪು ಎರಚುತ್ತಿದ್ದರಂತೆ. "ಅಷ್ಟು ಉಪ್ಪಲ್ಲಿ ಜಾಡಿಗಟ್ಟಲೆ ಉಪ್ಪಿನಕಾಯಿ ಹಾಕ್ಬಹುದಿತ್ತು," ಎಂದು ನಗುತ್ತಾರೆ.

ಡಾಕ್ಟರು ಮೆದುಳಿಟ್ಟ ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ಮೇಲಿನ ಪ್ರಯೋಗಾಲಯಕ್ಕೆ ಓಡುತ್ತಾರೆ. ಕಿಮೊನೊ ಅಂಚಿಗೆ ಹಾಕುವಂಥ ಒಳಹೊಲಿಗೆಯಲ್ಲಿ ನೊಬುಕೊ ಚರ್ಮ ಕೂಡಿಸುತ್ತಾರೆ. ತೊಳೆದು, ಒಣಗಿಸಿ, ಬಾಚುವಾಗ ಡಾಕ್ಟರ ಫೋನು ಬರುತ್ತದೆ: "ಕೋಶಗಳಿಗೆ ಜೀವ ಇದೆ, ನೊಬುಕೊ ಅಕ್ಕ!"

ಒಳಗೆ ಬಂದ ಕಿನುಯೊಗೆ ಅದನ್ನೇ ಹೇಳುತ್ತಾರೆ.

"ಇನ್ನೂ ಗುಡಿಸ್ತಾ ಇವೆಯಾ?" ಎನ್ನುತ್ತಾ ಅಜ್ಜಿ ಗಂಡನ ಹಣೆಯಿಂದ ಕತ್ತಿನವರೆಗೆ ನಿಧಾನವಾಗಿ ಬೆರಳಾಡಿಸುತ್ತಾರೆ. ಆಮೇಲೆ ಮುಖ ಗಂಟಿಕ್ಕುತ್ತಾರೆ. "ಬೈತಲೆ ಇಷ್ಟು ನೆಟ್ಟಗೆ ಯಾರು ತೆಗಿ ಅಂದ್ರು? ಇವ್ರದ್ದು ಯಾವಾಗ್ಲೂ ಸ್ವಲ್ಪ ವಾರೆ." ಬಾಚಣಿಗೆ ಕಿತ್ತುಕೊಂಡು ತಾವೇ ವಾರೆ ಮಾಡುತ್ತಾರೆ. ನೊಬುಕೊ ತಲೆ ಬಾಗಿಸಿ ಹಿಂದೆ ಸರಿಯುತ್ತಾರೆ.

ಶವದ ಗಾಡಿ ಹೋದ ಮೇಲೆ ನೊಬುಕೊ ಬಾರ್ಲಿ ಚಹಾ ಬಗ್ಗಿಸಿಕೊಂಡು ಕೂತು, ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ.

"ಅಜ್ಜಿ ಕೈಲಿ ಬೈಸ್ಕೊಂಡೆ. ಆದ್ರೆ ಅವರ ಬೆರಳು ಹೊಲಿಗೆ ಮೇಲೇ ಹೋಯ್ತು. ನಿಲ್ಲಲಿಲ್ಲ."